ಅಳಿಸುವ ಮೊದಲು ಓದಬೇಕಾದ ಪಾರ್ಟಿಷನ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಹೋಗಬೇಕೆಂದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಇರಬೇಕು, ಪ್ರೊಸೆಸರ್ ತಕ್ಕಮಟ್ಟಿಗೆ ಹೊಸದಾಗಿರಬೇಕು. ಪದವಿಗೆ ಸೇರಿದಾಗ ಕೊಂಡ ಲ್ಯಾಪ್‌ಟಾಪಿನಲ್ಲೇ ಪಿಎಚ್.ಡಿ.ಯನ್ನೂ ದಡ ಸೇರಿಸುವ ನಮ್ಮಂಥವರ ಯಂತ್ರಗಳಲ್ಲಿ ಅನೇಕವು ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಕೆಲವರು ಈಗಾಗಲೇ ಉಬುಂಟುವಿನಂಥ ಲಿನಕ್ಸ್ ಒಂದನ್ನು ವಿಂಡೋಸ್ ಪಕ್ಕದಲ್ಲಿ ಹಾಕಿಕೊಂಡಿದ್ದಾರೆ. ಹಾರ್ಡ್ ಡಿಸ್ಕನ್ನು ಹೊಲದ ಬದುವಿನಂತೆ ಎರಡು ಮಾಡಿ, ಒಂದು ಕಡೆ ಹಳೆಯದು, ಇನ್ನೊಂದು ಕಡೆ ಹೊಸದು. ಇದಕ್ಕೆ ಡ್ಯುಯಲ್ ಬೂಟ್ ಎನ್ನುತ್ತಾರೆ. ಈಗ ಹಳೆಯ ಅರ್ಧವನ್ನು ಅಳಿಸಿ ಪೂರ್ತಿ ಹೊಸದಕ್ಕೆ ಹೋಗುವುದೇ ಬೇಡವೇ ಎಂಬುದು ಪ್ರಶ್ನೆ.

ಮೇಲುನೋಟಕ್ಕೆ ಇದು ಕಂಪ್ಯೂಟರ್ ಅಂಗಡಿಯಲ್ಲಿ ಬಗೆಹರಿಯುವ ಮಾತು. ಆದರೆ ಕನ್ನಡ ಸಾಹಿತ್ಯವನ್ನು ಓದುವ, ಬರೆಯುವ, ಸಂಪಾದಿಸುವ ಕೆಲಸದಲ್ಲಿರುವವರಿಗೆ ಇದು ಗ್ರಂಥಸಂಪಾದನೆಯ ಪ್ರಶ್ನೆಯೂ ಹೌದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಂಥ ಎರಡು ಭಾಷೆಯ ಸೀಮೆಯ ಪಠ್ಯಗಳನ್ನು ಓದುವವರಿಗಂತೂ ಇದು ನೇರವಾಗಿ ವಿಮರ್ಶೆಯ ಪ್ರಶ್ನೆ. 'ಪೂರ್ತಿ ಬದಲಾಗುವುದು' ಎಂದರೇನು ಎಂಬುದನ್ನು ಆ ಸೀಮೆಯ ಪಠ್ಯಗಳನ್ನು ಮುಂದಿಟ್ಟುಕೊಂಡೇ ನೋಡಬೇಕೆಂದು ನನಗನ್ನಿಸುತ್ತದೆ.

ಮೊದಲಿಗೆ ಡ್ಯುಯಲ್ ಬೂಟ್ ಹೇಗೆ ನಡೆಯುತ್ತದೆಂದು ನೋಡೋಣ. ಯಂತ್ರ ಚಾಲೂ ಮಾಡಿದೊಡನೆ ಗ್ರಬ್ ಎಂಬ ಪುಟ್ಟ ತಂತ್ರಾಂಶ ಪಟ್ಟಿಯೊಂದನ್ನು ತೋರಿಸಿ ಕೆಲವು ಸೆಕೆಂಡು ಕಾಯುತ್ತದೆ. ಉಬುಂಟು ಬೇಕೋ ವಿಂಡೋಸ್ ಬೇಕೋ ಅಷ್ಟರಲ್ಲಿ ಆರಿಸಬೇಕು. ಒಂದನ್ನು ಆರಿಸಿದರೆ ಇನ್ನೊಂದು ಪೂರಾ ಮಲಗಿರುತ್ತದೆ. ಎರಡೂ ಒಂದೇ ಡಿಸ್ಕಿನಲ್ಲಿದ್ದರೂ ಒಂದೇ ಹೊತ್ತಿನಲ್ಲಿ ಎಚ್ಚರವಾಗಿರುವುದಿಲ್ಲ. ವಿಂಡೋಸ್ ತನ್ನ 'ಫಾಸ್ಟ್ ಸ್ಟಾರ್ಟಪ್' ಏರ್ಪಾಡಿನಲ್ಲಿ ಅರೆನಿದ್ದೆಯಲ್ಲಿ ಮಲಗಿದ್ದರೆ, ಅದರ ಪಾರ್ಟಿಷನ್ನಿನಲ್ಲಿರುವ ಕಡತಗಳನ್ನು ಲಿನಕ್ಸಿನಿಂದ ಓದಬಹುದು, ತಿದ್ದಲಾಗುವುದಿಲ್ಲ. ಗಡಿಯಾರದ ವಿಷಯದಲ್ಲೂ ಇವೆರಡಕ್ಕೂ ಒಮ್ಮತವಿಲ್ಲ. ಯಂತ್ರದ ಒಳಗಡಿಯಾರ ಸ್ಥಳೀಯ ಸಮಯ ತೋರಿಸುತ್ತಿದೆಯೆಂದು ವಿಂಡೋಸ್ ನಂಬುತ್ತದೆ. ಅದು ಜಾಗತಿಕ ಸಮಯವೆಂದು ಲಿನಕ್ಸ್ ನಂಬುತ್ತದೆ. ಹಾಗಾಗಿ ನಮ್ಮ ದೇಶದಲ್ಲಿ ಒಂದರಿಂದ ಇನ್ನೊಂದಕ್ಕೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದುಮುಂದಾಗುವುದುಂಟು.

ಇಷ್ಟು ತೊಡಕಿದ್ದರೂ ಕನ್ನಡ ವಿದ್ಯಾರ್ಥಿಗಳು ವಿಂಡೋಸ್ ಅರ್ಧವನ್ನು ಬಿಟ್ಟುಕೊಡದಿರುವುದಕ್ಕೆ ಮುಖ್ಯ ಕಾರಣ 'ನುಡಿ'. ಕನ್ನಡ ಗಣಕ ಪರಿಷತ್ತು ರೂಪಿಸಿ, ಸರ್ಕಾರದ ಬೆಂಬಲದಿಂದ ಹರಡಿದ ಈ ತಂತ್ರಾಂಶ, ಅದಕ್ಕೂ ಮೊದಲು 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ', ಇವೆರಡೂ ಕನ್ನಡವನ್ನು ಕಂಪ್ಯೂಟರಿಗೆ ತಂದ ದೊಡ್ಡ ಕೆಲಸಗಳು. ಇವುಗಳ ಹೊಸ ಆವೃತ್ತಿಗಳು ಯುನಿಕೋಡಿನಲ್ಲೂ ಬರೆಯುತ್ತವೆ. ತೊಡಕಿರುವುದು ಹಳೆಯ ಕಡತಗಳಲ್ಲಿ. ಪುಸ್ತಕದ ಪುಟ ಕಟ್ಟಲು ನಮ್ಮ ಊರುಗಳ ಡಿ.ಟಿ.ಪಿ. ಅಂಗಡಿಗಳು ನೆಚ್ಚಿಕೊಂಡ ಪೇಜ್‌ಮೇಕರ್ 2001ರ 7.0 ಆವೃತ್ತಿಗೇ ನಿಂತುಹೋಯಿತು. ಅದಕ್ಕೆ ಯುನಿಕೋಡ್ ಬರುವುದಿಲ್ಲ. ತಾಲ್ಲೂಕು ಕಚೇರಿಯ ಎದುರಿನ ಅಂಗಡಿಯಲ್ಲಿ ಅರ್ಜಿ, ಲಗ್ನಪತ್ರಿಕೆ, ಕವನ ಸಂಕಲನ, ಪಿಎಚ್.ಡಿ. ಪ್ರಬಂಧ ಎಲ್ಲವೂ ಒಂದೇ ಕೀಲಿಮಣೆಯಿಂದ, ಒಂದೇ ನುಡಿ ಫಾಂಟಿನಲ್ಲಿ ಹೊರಬಂದವು. ಎರಡು ದಶಕಗಳ ಕನ್ನಡ ಬರವಣಿಗೆಯ ಬಹುಪಾಲು ಹೀಗೆ ಆ ಪಾರ್ಟಿಷನ್ನಿನಲ್ಲಿದೆ.

ಅಲ್ಲಿ ಅದು ಯಾವ ರೂಪದಲ್ಲಿದೆ? ಹಳೆಯ ನುಡಿ ಕಡತವೊಂದನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆಯಿರಿ. 'ಕನ್ನಡ' ಎಂಬ ಪದ ಇರಬೇಕಾದ ಕಡೆ ಏಳು ಗುರುತುಗಳು ಕಾಣುತ್ತವೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಇನ್ನೊಮ್ಮೆ ಗೀಟಿನ ಎ. ಯಂತ್ರದ ಪಾಲಿಗೆ ಅಲ್ಲಿ ಕನ್ನಡವೇ ಇಲ್ಲ. ಐರೋಪ್ಯ ಅಕ್ಷರಗಳ ಮನೆಗಳಲ್ಲಿ ಕನ್ನಡದ ಗೀಟುಗಳನ್ನು ಬಾಡಿಗೆಗೆ ಇಟ್ಟ ಹಾಗೆ. ಮೊದಲನೆಯದು ಕಕಾರದ ಒಡಲು, ಎರಡನೆಯದು ತಲೆಕಟ್ಟು, ಐದನೆಯದು ನಕಾರದ ಒತ್ತು. ನುಡಿ ಫಾಂಟನ್ನು ಲಿನಕ್ಸಿಗೆ ತಂದು ಹಾಕಿದರೆ ಕಣ್ಣಿಗೆ ಕನ್ನಡ ಕಾಣುತ್ತದೆ, ನಿಜ. ಲಿಬ್ರೆ ಆಫೀಸ್ ಹಳೆಯ ಪೇಜ್‌ಮೇಕರ್ ಕಡತಗಳನ್ನೂ ಒಂದು ಮಟ್ಟಿಗೆ ತೆರೆಯುತ್ತದೆ. ಆದರೆ ಕಾಣುವುದೇ ಬೇರೆ, ಯಂತ್ರಕ್ಕೆ ಅದು ಕನ್ನಡವೆಂದು ತಿಳಿಯುವುದೇ ಬೇರೆ. ಶೋಧಗಂಗಾದಲ್ಲಿರುವ ಹಲವು ಕನ್ನಡ ಪ್ರಬಂಧಗಳು ಇದೇ ಸ್ಥಿತಿಯಲ್ಲಿವೆ. ಪುಟ ತಿರುವಬಹುದು, ಒಂದು ಪದವನ್ನು ಹುಡುಕಿದರೆ ಸಿಗುವುದಿಲ್ಲ.

ಯುನಿಕೋಡಿನಲ್ಲಿ ಅದೇ ಪದಕ್ಕೆ ಐದು ಸಂಕೇತಗಳು: ಕ, ನ, ವಿರಾಮ, ನ, ಡ. ತಲೆಕಟ್ಟಿಗೆ ಇಲ್ಲಿ ಬೇರೆ ಸಂಕೇತವಿಲ್ಲ, ಒತ್ತಿಗೂ ಇಲ್ಲ. ಅವನ್ನು ಬರೆಯುವ ಕೆಲಸ ಫಾಂಟಿನದು. ಇಲ್ಲಿ ಬದಲಾಗಿರುವುದು ಸಂಕೇತಗಳ ಲೆಕ್ಕವಷ್ಟೇ ಆಗಿದ್ದರೆ ಸಾಹಿತ್ಯದವರು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. 'ಸೂರ್ಯ' ಎಂಬ ಪದವನ್ನು ನೋಡಿ. ನಾವು ಬರೆಯುವಾಗ ಯಕಾರವನ್ನು ಮೊದಲು ಬರೆದು ಆಮೇಲೆ ಅರ್ಕಾವೊತ್ತು ಹಾಕುತ್ತೇವೆ. ಉಚ್ಚರಿಸುವಾಗ ರೇಫ ಮೊದಲು ಬರುತ್ತದೆ. ನುಡಿಯ ಹಳೆಯ ಸಂಕೇತ ಕೈ ಬರೆದ ಕ್ರಮವನ್ನು ಇಟ್ಟುಕೊಳ್ಳುತ್ತದೆ. ಯುನಿಕೋಡ್ ಬಾಯಿ ಆಡಿದ ಕ್ರಮವನ್ನು ಇಟ್ಟುಕೊಳ್ಳುತ್ತದೆ. ಒಂದರಿಂದ ಇನ್ನೊಂದಕ್ಕೆ ಕಡತವನ್ನು ಒಯ್ಯುವುದೆಂದರೆ ಬರೆದದ್ದನ್ನು ನುಡಿದದ್ದನ್ನಾಗಿ ಓದಿಕೊಳ್ಳುವುದು. ಓಲೆಗರಿಯನ್ನು ಕಾಗದಕ್ಕೆ ಇಳಿಸುವಾಗ ಲಿಪಿಕಾರ ಮಾಡುತ್ತಿದ್ದದ್ದೂ ಇದನ್ನೇ: ನೋಡಿ, ತನ್ನೊಳಗೆ ಉಚ್ಚರಿಸಿಕೊಂಡು, ಮತ್ತೆ ಬರೆಯುವುದು.

ಹಾಗಾಗಿ ಪರಿವರ್ತಕವೂ ಒಬ್ಬ ಲಿಪಿಕಾರನೇ. ಅರವಿಂದ ವಿ.ಕೆ. ಅವರು ಸಿದ್ಧಪಡಿಸಿದ, ನುಡಿ ಮತ್ತು ಬರಹದ ಸಂಕೇತಗಳನ್ನು ಯುನಿಕೋಡಿಗೆ ತರುವ ಮುಕ್ತ ಪರಿವರ್ತಕ ಸಾವಿರಾರು ಪುಟಗಳನ್ನು ದಾಟಿಸಿಕೊಟ್ಟಿದೆ; ನನ್ನ ಕೆಲಸವೂ ಅದರ ಹಂಗಿನಲ್ಲಿದೆ. ಆದರೆ ಲಿಪಿಕಾರನಿಗೆ ಇರುವ ಕಷ್ಟಗಳು ಪರಿವರ್ತಕಕ್ಕೂ ಇವೆ. ಕನ್ನಡ ವಾಕ್ಯದ ನಡುವೆ ಇಂಗ್ಲಿಷ್ ಪದವೊಂದಿದ್ದರೆ ಅದರ ಅಕ್ಷರಗಳನ್ನೂ ಕನ್ನಡದ ಗೀಟುಗಳೆಂದು ತಿಳಿದು ಅರ್ಥವಿಲ್ಲದ ಪದ ಹುಟ್ಟಿಸಬಹುದು. 'ಸೂರ್ಯ'ದ ರಕಾರವನ್ನೂ 'ರ‍್ಯಾಂಕ್'ನ ರಕಾರವನ್ನೂ ಬೇರೆಯಾಗಿ ಬರೆಯಲು ಯುನಿಕೋಡಿಗೆ ಕಣ್ಣಿಗೆ ಕಾಣದ ಜೋಡಕವೊಂದು ಬೇಕು. ಅದು ಬಿಟ್ಟುಹೋದರೆ ಪದದ ರೂಪ ಕೆಡುತ್ತದೆ. ಇಂಥ ತಪ್ಪುಗಳು ಒಂದೊಂದೂ ಚಿಕ್ಕವು. ಆದರೆ ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಪಠ್ಯಪುಸ್ತಕವಾಗಿ ಓದಿದವರಿಗೆ ಇವು ಯಾವ ಜಾತಿಯ ತಪ್ಪುಗಳೆಂದು ವಿವರಿಸಬೇಕಾಗಿಲ್ಲ. ಇವು ಪಾಠಾಂತರಗಳು. ಓಲೆಗರಿಯ ಪಾಠಾಂತರಕ್ಕೆ ಅಡಿಟಿಪ್ಪಣಿ ಕೊಡುವ ನಾವು ಪರಿವರ್ತಕದ ಪಾಠಾಂತರಕ್ಕೆ ಒಂದು ಸಾಲನ್ನೂ ಕೊಡುವುದಿಲ್ಲ. ಯಾವ ಕಡತದಿಂದ, ಯಾವ ಪರಿವರ್ತಕದಿಂದ, ಯಾವಾಗ ಈ ಪಠ್ಯ ಬಂತು ಎಂದು ತಿಳಿಸುವ ಕನ್ನಡ ಸಂಶೋಧನ ಪ್ರಬಂಧವನ್ನು ನಾನಿನ್ನೂ ನೋಡಿಲ್ಲ.

ಇದೇ ಪ್ರಶ್ನೆಯನ್ನು ಎರಡು ಭಾಷೆಯ ಸೀಮೆಗೆ ಒಯ್ದರೆ ಅದು ಇನ್ನಷ್ಟು ಆಳವಾಗುತ್ತದೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರಾಯಣಪ್ಪ, ಜನ ಕರೆಯುವಂತೆ ಕೈವಾರ ತಾತಯ್ಯ, ಸಂಪ್ರದಾಯದ ಲೆಕ್ಕದಲ್ಲಿ 1726ರಿಂದ 1836ರವರೆಗೆ 110 ವರ್ಷ ಬಾಳಿದವರು. ಬಳೆ ಮಾರುತ್ತಿದ್ದವರು. 'ಅಮರನಾರೇಯಣ ಶತಕ' ಮತ್ತು 'ಕಾಲಜ್ಞಾನ' ತೆಲುಗಿನಲ್ಲಿವೆ. ಕೀರ್ತನೆಗಳು ತೆಲುಗಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಈ ಸೀಮೆಯ ಭಜನೆ ಮನೆಗಳಲ್ಲಿ ತೆಲುಗು ತತ್ವಪದಗಳನ್ನು ಹಾಡುವವರ ನೋಟ್‌ಪುಸ್ತಕ ತೆರೆದರೆ ಕಾಣುವುದು ಕನ್ನಡ ಲಿಪಿ. ಮನೆಯಲ್ಲಿ ಆಡುವುದು ತೆಲುಗು, ಶಾಲೆಯಲ್ಲಿ ಕಲಿತದ್ದು ಕನ್ನಡ. ಪದವನ್ನು ಆ ಬಾಯಿಂದ ಕೇಳಿ ಈ ಕೈಯಿಂದ ಬರೆದುಕೊಂಡಿದ್ದಾರೆ. ಬಾಯಿ ಒಂದು ವ್ಯವಸ್ಥೆಯಲ್ಲಿ, ಕೈ ಇನ್ನೊಂದರಲ್ಲಿ, ಎರಡೂ ಒಟ್ಟೊಟ್ಟಿಗೆ.

ಇದನ್ನು ಡ್ಯುಯಲ್ ಬೂಟ್‌ಗೆ ಹೋಲಿಸುವ ಆಸೆ ಸುಲಭವಾಗಿ ಹುಟ್ಟುತ್ತದೆ. ಒಂದು ಯಂತ್ರ, ಎರಡು ವ್ಯವಸ್ಥೆ. ಒಬ್ಬ ಮನುಷ್ಯ, ಎರಡು ಭಾಷೆ. ಆದರೆ ಈ ಹೋಲಿಕೆ ನಿಲ್ಲುವುದಿಲ್ಲ. ಡ್ಯುಯಲ್ ಬೂಟ್ ಯಂತ್ರದಲ್ಲಿ ಒಂದು ಎದ್ದಿರುವಾಗ ಇನ್ನೊಂದು ಮಲಗಿರಬೇಕು. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಗೂಡು ತಂದ ರೈತ ತನ್ನೂರಿನವನ ಹತ್ತಿರ ತೆಲುಗಿನಲ್ಲಿ, ಅಧಿಕಾರಿಯ ಹತ್ತಿರ ಕನ್ನಡದಲ್ಲಿ, ರೀಲರ್ ಹತ್ತಿರ ಎರಡನ್ನೂ ಕಲಸಿ, ನಡುನಡುವೆ ಉರ್ದು ಸೇರಿಸಿ ಮಾತಾಡುತ್ತಾನೆ. ಒಂದು ಭಾಷೆಯನ್ನು ಶಟ್‌ಡೌನ್ ಮಾಡಿ ಇನ್ನೊಂದನ್ನು ಚಾಲೂ ಮಾಡುವುದಿಲ್ಲ. ಆರಿಸಲು ಅವನ ಮುಂದೆ ಪಟ್ಟಿ ಬರುವುದಿಲ್ಲ, ಗಡಿಯಾರವೂ ಹಿಂದುಮುಂದಾಗುವುದಿಲ್ಲ.

ಡ್ಯುಯಲ್ ಬೂಟ್ ಮಾಡಿಕೊಂಡಿರುವವರು ನಾವು, ಅಧ್ಯಯನ ಮಾಡುವವರು. ಕನ್ನಡ ಸಾಹಿತ್ಯ ಚರಿತ್ರೆಯೊಳಗೆ ಹೋದಾಗ ತಾತಯ್ಯನವರ ಕನ್ನಡ ಕೀರ್ತನೆಗಳು ಎಚ್ಚರಗೊಳ್ಳುತ್ತವೆ, ತೆಲುಗು ಶತಕ ಮಲಗುತ್ತದೆ. ತೆಲುಗಿನೊಳಗೆ ಹೋದರೆ ಶತಕ ಎದ್ದು ಕೂರುತ್ತದೆ, ಆದರೆ ಅದನ್ನು ಇಷ್ಟು ಕಾಲ ಕನ್ನಡ ಅಕ್ಷರದಲ್ಲಿ ಕಾಪಾಡಿಕೊಂಡು ಬಂದವರು ಕಾಣದೆ ಹೋಗುತ್ತಾರೆ. ಇನ್ನೊಂದು ಭಾಷೆಯ ಪಾಲು ಯಾವಾಗಲೂ ಆ ಅರೆನಿದ್ದೆಯ ಪಾರ್ಟಿಷನ್ನಿನಂತೆ: ಓದಲು ಸಿಗುತ್ತದೆ, ಆದರೆ ನಮ್ಮ ವಾದವನ್ನು ತಿದ್ದುವ ಅಧಿಕಾರ ಅದಕ್ಕಿರುವುದಿಲ್ಲ. ಕನ್ನಡ ಕೀರ್ತನೆಯ ಲಯವನ್ನು ವಿವರಿಸುವಾಗ ಅದೇ ಕವಿಯ ತೆಲುಗು ಪದ್ಯದ ನಡಿಗೆ ನಮ್ಮ ಕಿವಿಯಲ್ಲಿ ಇರಬೇಕೋ ಬೇಡವೋ? ಇರಬೇಕು ಎಂದಾದರೆ ಒಂದನ್ನು ಮಲಗಿಸಿ ಇನ್ನೊಂದನ್ನು ಓದುವ ಕ್ರಮ ಸಾಕಾಗುವುದಿಲ್ಲ.

ಇಲ್ಲಿ ಯುನಿಕೋಡಿನ ಒಂದು ಸಂಗತಿ ನೆರವಿಗೆ ಬರುತ್ತದೆ. ಭಾರತೀಯ ಲಿಪಿಗಳಿಗಾಗಿ ರೂಪಿಸಿದ 'ಇಸ್ಕೀ' ಎಂಬ ಹಿಂದಿನ ಶಿಷ್ಟತೆಯಲ್ಲಿ ಎಲ್ಲ ಲಿಪಿಗಳ ಕಕಾರಕ್ಕೂ ಒಂದೇ ಸಂಕೇತ. ಯಾವ ಲಿಪಿಯಲ್ಲಿ ತೋರಿಸಬೇಕೆಂಬುದನ್ನು ಬೇರೆಯಾಗಿ ಹೇಳಬೇಕಿತ್ತು. ಯುನಿಕೋಡ್ ಪ್ರತಿ ಲಿಪಿಗೂ 128 ಮನೆಗಳ ಬೇರೆ ಬೀದಿ ಕೊಟ್ಟಿತು, ಮನೆಗಳ ಕ್ರಮವನ್ನು ಮಾತ್ರ ಬಹುಮಟ್ಟಿಗೆ ಹಾಗೇ ಉಳಿಸಿಕೊಂಡಿತು. ತೆಲುಗಿನ ಬೀದಿಯ ಮುಂದಿನ ಬೀದಿಯೇ ಕನ್ನಡದ್ದು. ತೆಲುಗು ಕಕಾರದ ಸಂಖ್ಯೆ 3093, ಕನ್ನಡ ಕಕಾರದ್ದು 3221. ಅಂತರ ಸರಿಯಾಗಿ 128. ಖಕಾರಕ್ಕೂ ಗಕಾರಕ್ಕೂ ಅದೇ ಅಂತರ. ಒಂದು ಕಾಲಕ್ಕೆ ಒಂದೇ ಆಗಿದ್ದು, ಆಮೇಲೆ ಬೇರೆಯಾಗಿ, ಅಚ್ಚುಮೊಳೆ ಬಂದ ಮೇಲೆ ಗಟ್ಟಿಯಾಗಿ ಬೇರೆಯಾದ ಎರಡು ಲಿಪಿಗಳು ಕಂಪ್ಯೂಟರಿನೊಳಗೆ ಒಂದೇ ಗೋಡೆಯ ಅಕ್ಕಪಕ್ಕದ ಮನೆಯವರಾಗಿವೆ. ಹಳೆಯ ನುಡಿ ಕಡತದಲ್ಲಿ ಒಂದು ಸಂಕೇತಕ್ಕೆ ಒಂದು ಫಾಂಟಿನಲ್ಲಿ ಒಂದೇ ರೂಪ. ಫಾಂಟ್ ಬದಲಾಯಿಸಿದರೆ ಅರ್ಥವೇ ಬದಲು. ಯುನಿಕೋಡ್ ಕಡತದಲ್ಲಿ ಒಂದೇ ಸಾಲಿನಲ್ಲಿ ತೆಲುಗು ಲಿಪಿ, ಕನ್ನಡ ಲಿಪಿ ಎರಡನ್ನೂ ಗೊಂದಲವಿಲ್ಲದೆ ಇಡಬಹುದು. ಶತಕದ ಒಂದು ಪದ್ಯವನ್ನು ಹಾಡುವವರು ಬರೆದಂತೆ ಕನ್ನಡ ಲಿಪಿಯಲ್ಲಿ, ಅದರ ಕೆಳಗೆ ತೆಲುಗು ಲಿಪಿಯಲ್ಲಿ, ಎರಡೂ ಹುಡುಕಿದರೆ ಸಿಗುವಂತೆ ಕೊಡುವ ಆವೃತ್ತಿ ಇಂದು ತಾಂತ್ರಿಕವಾಗಿ ಕಷ್ಟದ್ದಲ್ಲ.

ಆದರೆ 128 ಕೂಡಿ ಕಳೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. 'ಚಾಲು' ಎಂದು ಕನ್ನಡ ಲಿಪಿಯಲ್ಲಿ ಬರೆದಿದ್ದರೂ ತೆಲುಗು ಬಲ್ಲ ಹಾಡುಗಾರರ ಬಾಯಲ್ಲಿ ಅದು 'ತ್ಸಾಲು' ಎಂಬುದರ ಹತ್ತಿರದ ದನಿ. ಆ ದನಿಗೆ ಕನ್ನಡದಲ್ಲಿ ಅಕ್ಷರವಿಲ್ಲ; ತೆಲುಗಿನಲ್ಲಿ ಇದ್ದರೂ ಇಂದಿನ ಬರವಣಿಗೆಯಲ್ಲಿ ಅಪರೂಪ. ನೋಟ್‌ಪುಸ್ತಕದಲ್ಲಿ ಇಲ್ಲದ್ದು ಹಾಡುವವರಿಗೆ ಗೊತ್ತಿದೆ. ಇನ್ನೊಂದು ತೊಡಕು ಯಂತ್ರದ್ದು. ಲಿಪಿ ಕನ್ನಡವಾದ್ದರಿಂದ ಭಾಷೆಯೂ ಕನ್ನಡವೆಂದು ಅದು ತಿಳಿಯುತ್ತದೆ. ಕನ್ನಡ ಕಾಗುಣಿತ ಪರೀಕ್ಷಕವನ್ನು ಚಾಲೂ ಮಾಡಿದರೆ ಇಡೀ ಪದ್ಯದ ಕೆಳಗೆ ಕೆಂಪು ಗೆರೆ ಎಳೆಯುತ್ತದೆ. ಆ ಕೆಂಪು ಗೆರೆ ನಮಗೆ ಹೊಸದೇನಲ್ಲ. ಈ ಸೀಮೆಯ ಮಕ್ಕಳ ಕನ್ನಡವನ್ನು 'ತೆಲುಗು ಕಲೆತ ಕನ್ನಡ' ಎಂದು ತಿದ್ದುವ ಪೆನ್ನಿನದೂ ಅದೇ ಗೆರೆ. ಎರಡು ಭಾಷೆಯ ಕವಿಯನ್ನು ಚರಿತ್ರೆಯ ಅನುಬಂಧಕ್ಕೆ ತಳ್ಳುವ ವಿಮರ್ಶೆಯದೂ ಅದೇ. ಹಾಗೆ ನೋಡಿದರೆ ಯಂತ್ರಗಳ ಶಿಷ್ಟತೆಯೇ ಹೆಚ್ಚು ಉದಾರವಾಗಿದೆ. ವೆಬ್‌ನಲ್ಲಿ ಪಠ್ಯಗಳ ಭಾಷೆಯನ್ನು ಗುರುತಿಸುವ ನಿಯಮದಲ್ಲಿ ಭಾಷೆಗೆ ಒಂದು ಗುರುತು, ಲಿಪಿಗೆ ಬೇರೊಂದು ಗುರುತು ಕೊಡಲು ಅವಕಾಶವಿದೆ. 'ಭಾಷೆ ತೆಲುಗು, ಲಿಪಿ ಕನ್ನಡ' ಎಂದು ಬರೆದಿಡಬಹುದು. ನಮ್ಮ ಗ್ರಂಥಸೂಚಿಗಳಲ್ಲೂ ಪ್ರಬಂಧಗಳ ಅನುಬಂಧಗಳಲ್ಲೂ ಈ ಎರಡು ಕಾಲಂ ಬೇರೆಬೇರೆ ಬರುವ ಹೊತ್ತು ಈಗಲಾದರೂ ಬಂದಿದೆ.

ಇಷ್ಟನ್ನು ಮುಂದಿಟ್ಟುಕೊಂಡು 'ಪೂರ್ತಿ ಲಿನಕ್ಸಿಗೆ ಬನ್ನಿ' ಎಂಬ ಕರೆಯನ್ನು ಕೇಳಬೇಕು. ಅದರ ನ್ಯಾಯವನ್ನು ನಾನು ಒಪ್ಪುತ್ತೇನೆ. ಬಡ ವಿದ್ಯಾರ್ಥಿಯ ಹಳೆಯ ಯಂತ್ರ ಇನ್ನೂ ಐದು ವರ್ಷ ದುಡಿಯುತ್ತದೆ, ಲೈಸೆನ್ಸಿನ ಭಯವಿಲ್ಲ, ತಂತ್ರಾಂಶದ ಒಳಗನ್ನು ನೋಡಿ ತಿದ್ದಬಹುದು. ಬೆರಳುಗಳಿಗೂ ಕಷ್ಟವಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವೇ ಕಗಪ ಕೀಲಿಮಣೆಯ ಹೆಸರಿನಲ್ಲಿ ಲಿನಕ್ಸಿನಲ್ಲೂ ಇದೆ; ನುಡಿಯಲ್ಲಿ ಪಳಗಿದವರು ಮಾರನೆಯ ದಿನವೇ ಅಲ್ಲಿ ಬರೆಯತೊಡಗಬಹುದು. ಭಾಷೆ ಬದಲಾದರೂ ಮಟ್ಟು ಬದಲಾಗದ ಭಜನೆಯ ಹಾಗೆ. ಡಿ.ಟಿ.ಪಿ. ಅಂಗಡಿಯವರ ಅಳುಕು ಮಾತ್ರ ಬೇರೆಯದು, ಅದನ್ನು ಅಜ್ಞಾನವೆಂದು ತಳ್ಳುವುದು ಸರಿಯಲ್ಲ. ಹತ್ತು ವರ್ಷದ ಹಿಂದೆ ತಾವು ಕಟ್ಟಿಕೊಟ್ಟ ಪುಸ್ತಕದ ಎರಡನೆಯ ಮುದ್ರಣ ಕೇಳಿಕೊಂಡು ಯಾರಾದರೂ ಬಂದರೆ ಪುಟ ತೆರೆಯಬೇಕಲ್ಲ ಎಂಬುದು ಅವರ ಚಿಂತೆ. ಅದು ಒಬ್ಬ ಪ್ರಕಾಶಕನ ಚಿಂತೆ, ಒಬ್ಬ ಗ್ರಂಥಪಾಲಕನ ಚಿಂತೆ.

ಶಿಡ್ಲಘಟ್ಟದ ಕಸುಬಿನಿಂದಲೇ ಒಂದು ಮಾತು ಎರವಲು ಪಡೆಯಬಹುದು. ಗೂಡಿನಿಂದ ನೂಲು ತೆಗೆಯಲು ಅದನ್ನು ಬಿಸಿನೀರಿಗೆ ಹಾಕಬೇಕು; ಒಳಗಿನ ಜೀವ ಉಳಿಯುವುದಿಲ್ಲ. ಅದಕ್ಕೇ ರೇಷ್ಮೆ ಕೃಷಿಯಲ್ಲಿ ಬಿತ್ತನೆ ಗೂಡನ್ನು ಬೇರೆಯಾಗಿ ಬೆಳೆದು ಕಾಯುತ್ತಾರೆ. ಎಲ್ಲ ಗೂಡನ್ನೂ ಬಿಚ್ಚಿದರೆ ಮುಂದಿನ ಬೆಳೆ ಇಲ್ಲ. ಪರಿವರ್ತನೆಯೂ ಹಾಗೇ. ಯುನಿಕೋಡಿಗೆ ತಂದ ಪಠ್ಯ ನೂಲು. ಅದನ್ನು ನೇಯಬಹುದು, ಹುಡುಕಬಹುದು, ಹಂಚಬಹುದು. ಮೂಲದ ನುಡಿ ಕಡತ, ಅದರ ಫಾಂಟ್, ಅದರಿಂದ ತೆಗೆದ ಪಿಡಿಎಫ್, ಈ ಮೂರೂ ಬಿತ್ತನೆ ಗೂಡು. ನಾಳೆ ಇನ್ನೂ ಒಳ್ಳೆಯ ಪರಿವರ್ತಕ ಬಂದಾಗ, ಅಥವಾ ಒಂದು ಅರ್ಕಾವೊತ್ತಿನ ಮೇಲೆ ವಾದ ಹುಟ್ಟಿದಾಗ, ಹೋಗಿ ನೋಡಲು ಅದು ಬೇಕು.

ಲಿನಕ್ಸಿನ ಕನ್ನಡ ಅನುವಾದಕರು 'ಫೈಲ್' ಎಂಬುದಕ್ಕೆ 'ಕಡತ' ಎಂಬ ಪದ ಬಳಸಿದರು. ಹಿಂದೆ ಕಡತವೆಂದರೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಗಟ್ಟಿ ಮಾಡಿದ, ಮಡಿಸಿಡುವ ಕಪ್ಪು ಬಟ್ಟೆ. ಬಳಪದಲ್ಲಿ ಬರೆಯುವುದು, ಬೇಡವಾದಾಗ ಒರೆಸಿ ಮತ್ತೆ ಬರೆಯುವುದು. ಒರೆಸುವ ಅನುಕೂಲವೇ ಅದರ ಗುಣ. ಹಾಗೆಂದು ಮುಖ್ಯವಾದ ಲೆಕ್ಕವನ್ನು ಬೇರೆ ಕಡೆ ಇಳಿಸಿಕೊಳ್ಳದೆ ಯಾರೂ ಒರೆಸುತ್ತಿರಲಾರರು.

2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಹಳೆಯ ದಾಖಲೆಗಳಲ್ಲಿ ಅದರ ಹಳ್ಳಿಗಳು ಕೋಲಾರದ ಹೆಸರಿನಲ್ಲೇ ಇವೆ. ಹೊಸ ಜಿಲ್ಲೆ ಬಂತೆಂದು ಆ ದಾಖಲೆಗಳನ್ನು ಯಾರೂ ಸುಡಲಿಲ್ಲ. ಈ ತಾಲ್ಲೂಕುಗಳ ಬಗ್ಗೆ ಕ್ಷೇತ್ರಕಾರ್ಯ ಮಾಡಿದ ಹಿಂದಿನ ತಲೆಮಾರಿನ ಸಂಶೋಧಕರು ಸಂಗ್ರಹಿಸಿದ ತೆಲುಗು, ಕನ್ನಡ ಪದಗಳು ಇಂದು ಎಲ್ಲೋ ಒಂದು ಸಿ.ಡಿ.ಯಲ್ಲಿ, ಒಂದು ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ, ನುಡಿ ಫಾಂಟಿನ ಕಡತಗಳಾಗಿ ಕುಳಿತಿವೆ. ಅವನ್ನು ಹಾಡಿದವರಲ್ಲಿ ಹಲವರು ಈಗಿಲ್ಲ. ಆ ಕಂಪ್ಯೂಟರುಗಳು ಒಂದೊಂದಾಗಿ ಗುಜರಿಗೆ ಹೋಗುವ ಕಾಲ ಇದು. ಬೆಂಬಲ ಮುಗಿದ ವ್ಯವಸ್ಥೆಯನ್ನು ಬಿಟ್ಟು ಹೊರಡುವುದು ಸರಿ, ಹೊರಡಲೇಬೇಕು. ಆದರೆ ಹೊರಡುವ ಮುಂಚಿನ ಒಂದು ತಿಂಗಳನ್ನು ಕನ್ನಡ ಅಧ್ಯಯನ ವಿಭಾಗಗಳು ಗ್ರಂಥಸಂಪಾದನೆಯ ಪಾಠವಾಗಿಯೇ ನಡೆಸಲಿ. ವಿದ್ಯಾರ್ಥಿಗೊಂದು ಹಳೆಯ ಕಡತ ಕೊಟ್ಟು ಪರಿವರ್ತಿಸಿ, ಮೂಲದೊಡನೆ ಹೋಲಿಸಿ, ಪಾಠಾಂತರ ಗುರುತಿಸಿ, ಭಾಷೆಯನ್ನೂ ಲಿಪಿಯನ್ನೂ ಬೇರೆಬೇರೆ ನಮೂದಿಸಿ, ಎರಡು ಪ್ರತಿ ಎರಡು ಕಡೆ ಇಡಲು ಹೇಳಲಿ. ಅಷ್ಟಾದ ಮೇಲೆ ಪಾರ್ಟಿಷನ್ ಅಳಿಸುವುದಕ್ಕೆ ಐದು ನಿಮಿಷ ಸಾಕು.